ನೂರೊಂದು ಯಾರಪ್ಪನ ನಂಬರು?

‘ನಿಮ್ಮ ಕಡೆ ಕರೆಂಟ್ ಇದೆಯಾ?’

ನಾಲ್ಕು ಮಡಿಕೆ ಮಾಡಿ ಸ್ಟೇಪ್ಲರ್ ಪಿನ್ನು ಹೊಡೆದ ಚೀಟಿಯೊಳಗೆ ಇಷ್ಟೇ ಬರೆದಿತ್ತು. ಕೆಳಗೆ ಸಹಿ. ಸಹಿಯ ಕೆಳಗೆ ತಾರೀಖು.

ಚೀಟಿ ತಂದವಳು ನನ್ನ ಅತ್ತೆ, ಅಪ್ಪನ ಅಕ್ಕ ತಿಪ್ಪಮ್ಮ. ಹಳೇ ಬಿಲ್ಡಿಂಗಿನ ಮೊದಲ ಮಹಡಿಯಿಂದ ಇಪ್ಪತ್ತೆರಡು ಮೆಟ್ಟಿಲು ಇಳಿದು, ಲಾರಿ ಟ್ರ್ಯಾಕ್ಟರುಗಳ ನಡುವೆ ರಸ್ತೆ ದಾಟಿ, ಎದುರಿನ ಹೊಸ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ತಂದಿದ್ದಳು. ಚೀಟಿ ಬಿಚ್ಚಿದ ಗುಮಾಸ್ತರು ತಲೆಯೆತ್ತಿ ಫ್ಯಾನ್ ನೋಡಿದರು. ತಿರುಗುತ್ತಿತ್ತು. ಚೀಟಿಯ ಬೆನ್ನ ಮೇಲೆ ‘ಇದೆ’ ಎಂದು ಬರೆದರು. ಸಹಿ ಹಾಕಿದರು. ಮತ್ತೆ ಪಿನ್ನು ಹೊಡೆದು ಅತ್ತೆಯ ಕೈಗೆ ಕೊಟ್ಟರು.

ಆ ‘ಇದೆ’ಯನ್ನು ಹಿಡಿದುಕೊಂಡು ಅತ್ತೆ ಮೆಟ್ಟಿಲಿಳಿದು ರಸ್ತೆ ದಾಟುವಷ್ಟರಲ್ಲಿ ಕರೆಂಟು ಹೋಗಿತ್ತು.

(ನಗಬೇಡಿ. ನಾನೂ ಮೊದಲು ನಕ್ಕೆ. ಆಮೇಲೆ ಅತ್ತೆಯ ಮೊಣಕಾಲು ನೋಡಿದೆ.)

ಇದು ಹೊಳಲ್ಕೆರೆಯ ಒಂದು ಕಚೇರಿ. ಯಾವ ಇಲಾಖೆ ಅಂತ ಬರೆಯುವುದಿಲ್ಲ. ಬರೆದರೆ ಉಳಿದ ಇಲಾಖೆಯವರು ‘ಸದ್ಯ, ನಾವಲ್ಲ’ ಅಂತ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಕಳೆದ ವಾರ ಅಲ್ಲಿನ ಕಾಲೇಜೊಂದರಲ್ಲಿ ಚರ್ಚಾ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಹೆಂಗೂ ಹೊಳಲ್ಕೆರೆಗೆ ಬಂದಿದ್ದೇನೆ, ಅತ್ತೆಗೆ ಮೊಣಕಾಲಿಗೆ ಹಾಕುವ ಪಟ್ಟಿ ಕೊಟ್ಟು ಹೋಗೋಣ ಅಂತ ಕಚೇರಿಗೆ ನುಗ್ಗಿದೆ. ಕೊಡುವುದಕ್ಕೆ ಅತ್ತೆ ಸಿಗಬೇಕಲ್ಲ? ಹಳೇ ಬಿಲ್ಡಿಂಗಿನಲ್ಲಿ ಕೇಳಿದರೆ ‘ಹೊಸ ಬಿಲ್ಡಿಂಗಿಗೆ ಹೋದ್ರು’ ಅಂದರು. ಹೊಸ ಬಿಲ್ಡಿಂಗಿಗೆ ಹೋದರೆ ‘ಈಗ ತಾನೇ ಆ ಕಡೆ ಹೋದ್ರಲ್ಲ’ ಅಂದರು. ಕೊನೆಗೆ ರಸ್ತೆಯ ನಡುವೆ ಸಿಕ್ಕಳು. ಒಂದು ಕೈಯಲ್ಲಿ ಚೀಟಿ. ಇನ್ನೊಂದು ಕೈ ಎತ್ತಿ ಲಾರಿಯೊಂದನ್ನು ನಿಲ್ಲಿಸುತ್ತಿದ್ದಳು.

‘ಲೇ, ನೀನ್ಯಾವಾಗ ಬಂದೆ? ಬಾ ಬಾ, ಇದೊಂದು ಕೊಟ್ಟು ಬಂದ್ಬಿಡಾಣ’ ಅಂದಳು. ಹಿಂದೆಯೇ ಹೋದೆ. ಆ ಕರೆಂಟಿನ ಚೀಟಿಯನ್ನು ನಾನು ಕಂಡದ್ದು ಹಾಗೆ.

ಆವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ನಾನು ಅಲ್ಲೇ ಇದ್ದೆ. ಲೆಕ್ಕ ಇಟ್ಟೆ. ಅತ್ತೆ ಹನ್ನೊಂದು ಸಲ ರಸ್ತೆ ದಾಟಿದಳು. ‘ಮೀಟಿಂಗ್ ಮೂರಕ್ಕೋ ಮೂರೂವರೆಗೋ?’ ಅದಕ್ಕೊಂದು ಸಲ. ‘ಮೂರೂವರೆ’. ಅದಕ್ಕೊಂದು ಸಲ. ‘ನಾಲ್ಕಕ್ಕೆ ಇಟ್ಟುಕೊಳ್ಳಬಹುದೇ?’ ಮತ್ತೊಂದು ಸಲ. ಮೀಟಿಂಗು ಕೊನೆಗೆ ನಡೆಯಲಿಲ್ಲ. ಅದನ್ನು ತಿಳಿಸುವುದಕ್ಕೂ ಒಂದು ಚೀಟಿ.

ಅತ್ತೆಗೆ ಐವತ್ನಾಲ್ಕು. ಗುತ್ತಿಗೆ ಮೇಲೆ ಅಟೆಂಡರ್. ದಿನಾ ರಾಮಗಿರಿಯಿಂದ ಬಸ್ಸಿಗೆ ಬರುತ್ತಾಳೆ, ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಅದನ್ನು ಹಬ್ಬದ ಹಾಗೆ ಹೇಳಿಕೊಳ್ಳುತ್ತಾಳೆ. ಚಿತ್ರದುರ್ಗದ ಡಾಕ್ಟರು ಮೊಣಕಾಲಿನ ಎಕ್ಸ್‌ರೇ ಹಿಡಿದು ‘ಮೆಟ್ಟಿಲು ಹತ್ತಬೇಡಿ, ಜಾಸ್ತಿ ನಿಲ್ಲಬೇಡಿ’ ಅಂತ ಹೇಳಿ ಕಳಿಸಿದ್ದರು. ಆಕೆಯ ಕೆಲಸ ಏನು ಅಂತ ಅವರು ಕೇಳಿರಲಿಲ್ಲ. ಕೇಳಿದ್ದರೆ ನಕ್ಕುಬಿಡುತ್ತಿದ್ದರು.

‘ರಜಾ ಹಾಕು ಅತ್ತೆ’ ಅಂದೆ.

‘ಗುತ್ತಿಗೆಯೋರಿಗೆ ಎಲ್ಲೈತೆ ರಜಾ? ನಾಳೆ ಬರಬ್ಯಾಡ ಅಂದ್ರೆ ಮುಗೀತು’ ಅಂದಳು. ಆಮೇಲೆ ದನಿ ತಗ್ಗಿಸಿ, ಏನೋ ಗುಟ್ಟಿನ ಸುದ್ದಿಯಂತೆ ಹೇಳಿದಳು: ‘ಇನ್ನೇನು, ಎರಡೂ ಬಿಲ್ಡಿಂಗಿನ ಫೋನ್ ಕೂಡಿಸ್ತಾರೆ. ಕೂಡಿಸಿದ ಮ್ಯಾಲೆ ನನ್ನೂ ಕೂಡಿಸ್ತಾರಂತೆ.’

‘ನಿನ್ನ ಎಲ್ಲಿಗೆ ಕೂಡಿಸ್ತಾರೆ?’

‘ಕುರ್ಚಿ ಮ್ಯಾಲೆ ಕಣೇ! ಫೋನ್ ಹತ್ರ ಒಂದು ಕುರ್ಚಿ ಹಾಕಿ ಕೊಡ್ತೀವಿ, ಬಂದ ಫೋನ್ ಎತ್ತಿ ಬೇಕಾದೋರಿಗೆ ಕೊಡು ತಿಪ್ಪಮ್ಮ, ಓಡಾಡಾದು ಬ್ಯಾಡ ಅಂದವ್ರೆ.’

ಫೋನನ್ನೂ ಕೂಡಿಸುವುದು, ಮನುಷ್ಯರನ್ನೂ ಕೂಡಿಸುವುದು. ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಇಟ್ಟಿದೆ. ಅತ್ತೆ ಆ ಒಂದು ಮಾತನ್ನು ನಂಬಿಕೊಂಡು ಏಳು ತಿಂಗಳಿಂದ ಮೆಟ್ಟಿಲು ಹತ್ತುತ್ತಿದ್ದಾಳೆ.

ಏಳು ತಿಂಗಳು ಯಾಕೆ? ರಸ್ತೆಯ ಮೇಲೆ ವೈರು ಎಳೆದಿದೆ. ನನ್ನ ಕಣ್ಣಾರೆ ನೋಡಿದೆ, ಎರಡು ಬಿಲ್ಡಿಂಗಿನ ನಡುವೆ ಕಪ್ಪಗೆ ತೂಗುತ್ತಿದೆ. ಅದರ ಮೇಲೆ ಕಾಗೆ ಕೂರುತ್ತದೆ. (ಕಾಗೆಗಾದರೂ ಕೂರಲು ಜಾಗವಾಯಿತು.) ಎರಡೂ ಕಡೆ ಇಂಟರ್‌ಕಾಮಿನ ಪೆಟ್ಟಿಗೆ ಇದೆ, ಟೇಬಲ್ಲಿಗೊಂದು ಫೋನಿದೆ. ಮತ್ತೇನು ತೊಂದರೆ?

ಇದನ್ನು ನನಗೆ ಬಿಡಿಸಿ ಹೇಳಿದವರು ಹಿರಿಯೂರಿನ ಮಂಜಣ್ಣ. ಫೋನ್ ಕೂಡಿಸುವ ಗುತ್ತಿಗೆ ಅವರದು. ಅವತ್ತೂ ಅವರು ಹಳೇ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತಿದ್ದರು.

‘ವೈರಿಂದೇನೂ ಸಮಸ್ಯೆ ಇಲ್ಲ ಮೇಡಂ. ನಂಬರಿಂದು. ಹಳೇ ಬಿಲ್ಡಿಂಗ್ ಸಾಹೇಬ್ರ ಫೋನು ನೂರೊಂದು. ಹೊಸ ಬಿಲ್ಡಿಂಗ್ ಮೇಡಂದೂ ನೂರೊಂದು. ಬೇರೆ ಬೇರೆ ಇದ್ದಾಗ ನಡೀತಿತ್ತು. ಈಗ ಕೂಡಿಸಬೇಕು. ಒಂದೇ ಊರಲ್ಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ರೆ ಪೋಸ್ಟ್‌ಮ್ಯಾನ್ ಏನ್ ಮಾಡ್ತಾನೆ ಹೇಳ್ರಿ?’

‘ಒಬ್ಬರದು ಬದಲಾಯಿಸಿ.’

ಮಂಜಣ್ಣ ನನ್ನನ್ನು ಕನಿಕರದಿಂದ ನೋಡಿದರು. ‘ಏಳು ತಿಂಗಳಿಂದ ನಾನೂ ಅದನ್ನೇ ಹೇಳ್ತಿದೀನಿ. ಒಬ್ರು ನೂರೊಂದು ಇಟ್ಕಳ್ರಿ, ಇನ್ನೊಬ್ರು ಇನ್ನೂರೊಂದು ಮಾಡ್ಕಳ್ರಿ ಅಂತ. ಯಾರು ಇನ್ನೂರೊಂದು ಆಗ್ತಾರೆ?’

ಇಬ್ಬರದೂ ಒಂದೇ ದರ್ಜೆ. ಒಂದೇ ಸಂಬಳ. ಒಂದೇ ಬಣ್ಣದ ಟವೆಲ್ಲು ಹೊದ್ದ ಕುರ್ಚಿ. ಇಬ್ಬರಿಗೂ ನೂರೊಂದೇ ಬೇಕು.

ಓದುಗರೇ, ನೀವು ಈಗ ಕೇಳುವ ಪ್ರಶ್ನೆ ನನಗೆ ಗೊತ್ತು. ಮೊಬೈಲ್ ಇಲ್ಲವಾ? ಇದೆ. ಇಬ್ಬರ ಹತ್ತಿರವೂ ಎರಡೆರಡು ಇವೆ. ಆದರೆ ಮೊದಲು ಯಾರು ಮಾಡಬೇಕು? ಮಾಡಿದವರು ಚಿಕ್ಕವರಾಗುತ್ತಾರಲ್ಲ! ಗುಮಾಸ್ತರನ್ನು ಕೇಳಿದರೆ ‘ಕಚೇರಿ ಕೆಲಸಕ್ಕೆ ನಮ್ಮ ಸ್ವಂತ ಮೊಬೈಲ್ ಯಾಕ್ರೀ ಬಳಸಬೇಕು?’ ಅಂತಾರೆ. ನ್ಯಾಯವೇ. ಅವರ ಮೊಬೈಲ್ ಅವರ ಸ್ವಂತದ್ದು. ಅತ್ತೆಯ ಮೊಣಕಾಲು ಮಾತ್ರ ಕಚೇರಿಯದು.

ನಾನು ಕಾಲೇಜಿನಲ್ಲಿ ಐದು ವರ್ಷ ಚರ್ಚೆ ಮಾಡಿದವಳು. ಮೂರು ನಿಮಿಷ ಪರ, ಮೂರು ನಿಮಿಷ ವಿರೋಧ. ವಾದ ಸರಿಯಿದ್ದರೆ ಎದುರಿನವರು ಒಪ್ಪಲೇಬೇಕು ಅನ್ನುವ ಮೂಢನಂಬಿಕೆಯೊಂದು ನನ್ನಲ್ಲಿ ಇನ್ನೂ ಉಳಿದಿದೆ. (ಬೇರೆಲ್ಲ ಮೂಢನಂಬಿಕೆಗಳ ಮೇಲೆ ಈ ಅಂಕಣದಲ್ಲೇ ಹರಿಹಾಯ್ದಿದ್ದೇನೆ. ಇದೊಂದನ್ನು ನೀವು ಕ್ಷಮಿಸಬೇಕು.) ಎದ್ದು ಸೀದಾ ಸಾಹೇಬರ ಚೇಂಬರಿಗೆ ಹೋದೆ.

‘ಬರ್ರಿ ಬರ್ರಿ, ಕುಂತ್ಕಳ್ರಿ’ ಅಂದರು ಸಾಹೇಬರು. ನಮ್ಮ ಕಡೆಯ ಮೊದಲ ಮಾತು ಇದೇ. ಜಗಳಕ್ಕೆ ಬಂದವರಿಗೂ ಕುಂತ್ಕಳ್ರಿ ಅಂದ ಮೇಲೇ ಜಗಳ ಶುರು. ಕೂತೆ. ಪತ್ರಿಕೆಯಲ್ಲಿ ಬರೆಯುವವಳು ಅಂತ ಯಾರೋ ಹೇಳಿದ್ದರು, ಟೀ ಬಂತು. ತಂದವಳು ಅತ್ತೆ. ನನ್ನ ಅತ್ತೆ ನನಗೆ ಟೀ ಕೊಟ್ಟು, ಬಾಗಿಲ ಬಳಿ ಗೋಡೆಗೊರಗಿ ನಿಂತಳು. ನಾನು ಕೂತಿದ್ದೆ. ಆ ಟೀ ಹೇಗಿತ್ತು ಅಂತ ಕೇಳಬೇಡಿ.

‘ನೋಡ್ರಿ, ಇದು ನನ್ನ ಪ್ರಶ್ನೆ ಅಲ್ಲ’ ಅಂದರು ಸಾಹೇಬರು. (ಕುರ್ಚಿಯ ಜಗಳದಲ್ಲಿ ಎಲ್ಲರೂ ಆಡುವ ಮೊದಲ ಮಾತು.) ‘ಈ ಟೇಬಲ್ಲಿನ ಪ್ರಶ್ನೆ. ಮೊದಲಿಂದ ಈ ಟೇಬಲ್ಲಿಗೆ ನೂರೊಂದು. ಆ ಬಿಲ್ಡಿಂಗ್ ನಿನ್ನೆ ಮೊನ್ನೆ ಕಟ್ಟಿದ್ದು. ಈಗ ನಾನು ಇನ್ನೂರೊಂದು ಆದ್ರೆ, ನಾಳೆ ನನ್ನ ಜಾಗಕ್ಕೆ ಬರೋರು ನನ್ನ ಏನಂತಾರೆ?’

‘ಮಂಜಣ್ಣ ಇನ್ನೊಂದು ದಾರಿ ಹೇಳಿದ್ದರಂತಲ್ಲ ಸಾರ್? ಎರಡೂ ಕಡೆ ನೂರೊಂದೇ ಇರಲಿ, ಆ ಕಡೆ ಬಿಲ್ಡಿಂಗಿಗೆ ಮಾಡುವಾಗ ಮಾತ್ರ ಮೊದಲು ಎಂಟು ಒತ್ತುವುದು ಅಂತ?’

ಸಾಹೇಬರ ಮುಖ ಬಿಗಿಯಾಯಿತು. ‘ಆ ಕಡೆಯೋರು ನನಗೆ ಫೋನ್ ಮಾಡೋಕೆ ಎಂಟು ಒತ್ತಬೇಕಾ? ಅಂದ್ರೆ ನಾನೇನು ಹೊರಗಿನೋನಾ?’

ರಸ್ತೆ ದಾಟಿದೆ. ಹೊಸ ಬಿಲ್ಡಿಂಗಿನ ಮೆಟ್ಟಿಲು ಹತ್ತಿದೆ. (ಲಿಫ್ಟ್ ಇನ್ನೂ ಬಂದಿಲ್ಲ. ಲಿಫ್ಟಿನ ಗುಂಡಿ ಬಂದಿದೆ.) ಮೇಡಂ ಕೂಡ ‘ಬರ್ರಿ, ಕುಂತ್ಕಳ್ರಿ’ ಅಂದರು. ಮತ್ತೆ ಕೂತೆ.

‘ಸ್ಟಾಫ್ ಜಾಸ್ತಿ ಇರೋದು ನಮ್ಮ ಕಡೆ. ಜನ ಬರೋದು ನಮ್ಮ ಕಡೆ. ಅವರ ಕಡೆ ಇರೋದು ಹಳೇ ಫೈಲು, ಇಲಿ’ ಅಂದರು ಮೇಡಂ. ಆಮೇಲೆ ಸ್ವಲ್ಪ ಮುಂದೆ ಬಾಗಿ ಕೇಳಿದರು: ‘ಒಂದು ಮಾತು ಹೇಳ್ರಿ. ನಂಬರ್ ಬದಲಾಯಿಸ್ಕೊಳ್ಳಿ ಅಂತ ಎಲ್ಲರೂ ನನ್ನ ಹತ್ರಾನೇ ಬರ್ತಾರೆ. ಯಾಕೆ? ನಾನು ಹೆಂಗಸು, ಅಡ್ಜಸ್ಟ್ ಮಾಡ್ಕೊಳ್ತೀನಿ ಅಂತಾನಾ?’

ಒಪ್ಪಿಕೊಳ್ಳುತ್ತೇನೆ. ಮಾತು ಸುಳ್ಳಲ್ಲ. ಸ್ಪರ್ಧೆಯಾಗಿದ್ದರೆ ಆ ಒಂದು ಮಾತಿಗೇ ನಾನು ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿತು. ಅತ್ತೆ. ಕೈಯಲ್ಲಿ ಸಾಹೇಬರ ಕಡೆಯಿಂದ ಇನ್ನೊಂದು ಚೀಟಿ. ಮೇಡಂ ತಲೆ ಎತ್ತದೆ ಕೈ ಚಾಚಿದರು.

‘ಇವರೂ ಹೆಂಗಸೇ ಅಲ್ವಾ ಮೇಡಂ?’ ಅಂದೆ.

ಮೇಡಂಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಪುಣ್ಯಕ್ಕೆ ಅತ್ತೆಗೂ ಆಗಲಿಲ್ಲ.

ಹಾಲುರಾಮೇಶ್ವರದ ಕೊಳದ ಮುಂದೆ ಕೂತು ಬೇಡಿಕೊಂಡರೆ ಕಾಯೋ ಹಣ್ಣೋ ಏನಾದರೊಂದು ಮೇಲೆ ತೇಲಿ ಬರುತ್ತದೆ ಅಂತ ಜನ ನಂಬುತ್ತಾರೆ. ನಾನು ನಂಬುವವಳಲ್ಲ. ಆದರೆ ಈ ಎರಡು ಚೇಂಬರುಗಳಿಂದ ಹೊರಬಂದ ಮೇಲೆ ಆ ಭಕ್ತರ ಬಗ್ಗೆ ನನಗೆ ಗೌರವ ಹೆಚ್ಚಾಗಿದೆ. ಅವರು ಕೇಳುವ ಜಾಗದಲ್ಲಿ ಕೇಳುತ್ತಿದ್ದಾರೆ.

ಸಂಜೆ ಕಚೇರಿ ಬಿಡುವ ಹೊತ್ತಿಗೆ ಅತ್ತೆ ಮೆಟ್ಟಿಲ ಮೇಲೆ ಕೂತು ಪಟ್ಟಿ ಹಾಕಿಕೊಂಡಳು. ಮೊಣಕಾಲು ಊದಿ, ಪಟ್ಟಿ ಅರ್ಧಕ್ಕೇ ನಿಂತಿತು. ‘ಚಿಕ್ಕದು ತಂದೀಯ’ ಅಂದಳು. ಪಟ್ಟಿ ಚಿಕ್ಕದಿರಲಿಲ್ಲ.

‘ಅಲ್ಲ ಕಣೇ, ನೂರೊಂದು ಅಂದ್ರೆ ಏನೇ ಅಷ್ಟು ದೊಡ್ಡದು?’ ಅಂತ ಕೇಳಿದಳು. ‘ಮದುವೇಲಿ ಮುಯ್ಯಿ ಹಾಕಾಕೆ ನೂರೊಂದು ಅಂದ್ರೆ ಸರಿ. ದೇವರಿಗೆ ನೂರೊಂದು ಕಾಯಿ ಅಂದ್ರೂ ಸರಿ. ಫೋನಿಗೆ ಯಾಕೆ?’

ಪಕ್ಕದಲ್ಲಿದ್ದ ಮಂಜಣ್ಣ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಒಂದು ಉಪಾಯ ಬಂತು. ಅತ್ತೆ ಬಸ್ಸಿಗೆ ಹೋಗುವವರೆಗೆ ಬಾಯಿ ಬಿಡಲಿಲ್ಲ. ಆಸೆ ಹುಟ್ಟಿಸುವುದು ಬೇಡ ಅಂತ. ಬಸ್ಸು ಹೋದ ಮೇಲೆ ಕೇಳಿದೆ:

‘ಮಂಜಣ್ಣ, ನೂರೊಂದನ್ನ ನಮ್ಮತ್ತೆಗೆ ಕೊಟ್ಟರೆ?’

‘ಅಂದ್ರೆ?’

‘ಎರಡೂ ಬಿಲ್ಡಿಂಗಿನಲ್ಲಿ ಯಾರೇ ಆಗಲಿ ನೂರೊಂದು ಒತ್ತಲಿ. ಅತ್ತೆ ಎತ್ತುತ್ತಾಳೆ. ಯಾರು ಬೇಕ್ರಿ ಅಂತ ಕೇಳಿ ಅವರಿಗೆ ಕೊಡುತ್ತಾಳೆ. ಸಾಹೇಬರದು ಎಷ್ಟು, ಮೇಡಂದು ಎಷ್ಟು, ಅತ್ತೆಗೆ ಬಿಟ್ಟು ಯಾರಿಗೂ ಗೊತ್ತಾಗುವುದೇ ಬೇಡ. ಯಾರೂ ಇನ್ನೂರೊಂದು ಆಗಲಿಲ್ಲ, ಯಾರೂ ಎಂಟು ಒತ್ತಲಿಲ್ಲ, ಯಾರೂ ಮೊದಲು ಫೋನ್ ಮಾಡಲಿಲ್ಲ.’

ಮಂಜಣ್ಣ ಸ್ಕ್ರೂಡ್ರೈವರ್ ಜೇಬಿಗಿಟ್ಟರು. ‘ಮೇಡಂ, ಇದು ಆಗ್ತೈತೆ’ ಅಂದರು. ‘ಹತ್ತು ನಿಮಿಷದ ಕೆಲಸ. ಕುರ್ಚಿ ಹುಡುಕಾಕೇ ಜಾಸ್ತಿ ಹೊತ್ತು ಬೇಕು.’ ಮರುದಿನ ಎರಡೂ ಕಡೆ ಹೋಗಿ ಕೇಳುತ್ತೇನೆ ಅಂತ ಮಾತು ಕೊಟ್ಟರು.

ನಾನು ಚಿತ್ರದುರ್ಗದ ಬಸ್ಸು ಹತ್ತಿದೆ. ಭೀಮಸಮುದ್ರದ ಕಡೆಯ ಇಬ್ಬರು ಪಕ್ಕದ ಸೀಟಿನಲ್ಲಿ ಮೊಬೈಲಿನಲ್ಲಿ ಕೂಗಾಡುತ್ತಿದ್ದರು, ಒಬ್ಬರು ಮಾತಾಡಿದ್ದು ಇನ್ನೊಬ್ಬರಿಗೆ ಕೇಳದಷ್ಟು ಜೋರಾಗಿ. ನನಗೆ ಅದೂ ಹಿತವೆನ್ನಿಸಿತು. ಎಷ್ಟು ಸುಲಭವಾಗಿ ಮಾತಾಡುತ್ತಿದ್ದಾರೆ ಇವರು! ಕಿಟಕಿಗೆ ತಲೆಯಾನಿಸಿ, ಅತ್ತೆ ಫೋನೆತ್ತಿ ‘ಯಾರು ಬೇಕ್ರಿ?’ ಅನ್ನುವುದನ್ನು ಊಹಿಸಿಕೊಂಡೆ. ಗೆದ್ದೆ ಅಂದುಕೊಂಡೆ. ಚರ್ಚೆ ಮಾಡುವವರ ರೋಗ ಇದು. ಪ್ರಶ್ನೆಗೆ ಉತ್ತರ ಸಿಕ್ಕರೆ ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತೇವೆ.

ಮಂಜಣ್ಣನ ಫೋನು ಬಂದದ್ದು ಈ ಮಂಗಳವಾರ.

‘ಮೇಡಂ, ಇಬ್ರೂ ಒಂದಾದ್ರು.’

‘ಒಪ್ಪಿದರಾ?’

‘ಒಪ್ಪಬಾರದು ಅಂತ ಒಪ್ಪಿದ್ರು.’

ಹೇಳುತ್ತಾ ಹೋದರು. ಸಾಹೇಬರು ಕೇಳಿದೊಡನೆ ಹುಬ್ಬು ಗಂಟು ಹಾಕಿ, ‘ತಿಪ್ಪಮ್ಮಂಗೆ ನೂರೊಂದಾ?’ ಅಂದರಂತೆ. ಮೇಡಂ ಕೂಡ ಅದೇ ಮಾತು, ‘ತಿಪ್ಪಮ್ಮಂಗೆ? ನೂರೊಂದಾ? ಏನ್ರೀ?’ ಅಂದರಂತೆ. ಏಳು ತಿಂಗಳಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲು. ನೂರೊಂದು ಎದುರಿನವರಿಗೆ ಹೋಗುವುದನ್ನು ಇನ್ನೂ ಸಹಿಸಬಹುದಿತ್ತೇನೋ. ಅಟೆಂಡರಿಗೆ ಹೋಗುವುದನ್ನು ಇಬ್ಬರೂ ಸಹಿಸಲಿಲ್ಲ. ಒಂದೇ ಹಾಳೆಯಲ್ಲಿ ಜಂಟಿ ಟಿಪ್ಪಣಿ ತಯಾರಾಯಿತು. ‘ಗುತ್ತಿಗೆ ಸಿಬ್ಬಂದಿಗೆ ಸದರಿ ಸಂಖ್ಯೆ ನೀಡಲು ಬರುವುದಿಲ್ಲ. ಮೇಲಿನವರಿಂದ ಮಾರ್ಗದರ್ಶನ ಬರುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳುವುದು.’ ಕೆಳಗೆ ಇಬ್ಬರ ಸಹಿ. ಒಬ್ಬರದು ಎಡಕ್ಕೆ, ಒಬ್ಬರದು ಬಲಕ್ಕೆ. ಒಂದು ಕೂದಲೆಳೆಯೂ ಮೇಲೆ ಕೆಳಗೆ ಆಗದ ಹಾಗೆ, ಸ್ಕೇಲಿಟ್ಟು ಗೆರೆ ಎಳೆದು.

ಯಥಾಸ್ಥಿತಿ. ಎಂಥ ಚಂದದ ಪದ! ಕಾಯ್ದುಕೊಳ್ಳುವವರು ಕೂತಿರುತ್ತಾರೆ. ಸ್ಥಿತಿ ಮೆಟ್ಟಿಲು ಹತ್ತುತ್ತಿರುತ್ತದೆ.

‘ಹಂಗಾದ್ರೆ ಇಬ್ಬರೂ ಕೊನೆಗೆ ಮಾತಾಡಿದರಲ್ಲ ಮಂಜಣ್ಣ?’ ಅಂದೆ ಕಹಿಯಾಗಿ. ‘ಮೊಬೈಲಲ್ಲಿ ಮಾತಾಡಿದರಾ? ಮೊದಲು ಮಾಡಿದವರು ಯಾರು?’

‘ಮಾತೆಲ್ಲಿಂದ ಬಂತು ಮೇಡಂ? ಸಾಹೇಬ್ರು ಬರೆದು ಆ ಕಡೆ ಕಳಿಸಿದ್ರು. ಮೇಡಂ ತಿದ್ದಿ ಈ ಕಡೆ ಕಳಿಸಿದ್ರು. ಸಾಹೇಬ್ರು ಅದನ್ನ ಮತ್ತೆ ತಿದ್ದಿದ್ರು. ಕೊನೆಗೆ ಸಹಿಗೆ ಒಂದು ಸಲ. ನಾಲ್ಕು ಸಲ ಓಡಾಡ್ತು ಹಾಳೆ.’

ಹಾಳೆಗೆ ಕಾಲಿರುವುದಿಲ್ಲ.

ಫೋನಿಟ್ಟೆ. ಸಿಟ್ಟು ಅವರಿಬ್ಬರ ಮೇಲೆ ಅಷ್ಟೇ ಅಲ್ಲ, ನನ್ನ ಮೇಲೂ. ಆ ನಾಲ್ಕು ಓಡಾಟ ನನ್ನ ಉಪಾಯದ ಕೊಡುಗೆ. ಸಂಜೆ ಅತ್ತೆಗೆ ಫೋನ್ ಮಾಡಿದೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಳಂತೆ.

‘ಇವತ್ತು ಭಾಳ ಓಡಾಡಿಸಿಬಿಟ್ರು ಕಣೇ’ ಅಂದಳು. ‘ಅದೇನೋ ಒಂದು ಹಾಳೆ. ಪಿನ್ನು ಹೊಡೆದಿದ್ರು, ನಾನೇನು ಬಿಚ್ಚಲಿಲ್ಲ. ಅರ್ಜೆಂಟ್ ತಿಪ್ಪಮ್ಮ, ಅರ್ಜೆಂಟ್ ಅಂತ ಎರಡೂ ಕಡೆಯೋರೂ. ಬಿರಬಿರ ಹೋದೆ, ಬಿರಬಿರ ಬಂದೆ. ಇಬ್ರೂ ಸಹಿ ಹಾಕಿದ್ರಂತೆ, ಒಂದೇ ಹಾಳೆಗೆ! ನಂಗೆ ಅನ್ನಿಸ್ತೈತೆ, ಅದು ಫೋನ್ ಕೂಡಿಸೋ ಕಾಗದಾನೇ ಇರಬೇಕು. ಅಲ್ವೇನೇ?’

ಐದು ವರ್ಷ ಚರ್ಚೆ ಮಾಡಿದ ನಾನು ‘ಇನ್ನೊಂದು ದೊಡ್ಡ ಪಟ್ಟಿ ಕಳಿಸ್ತೀನಿ ಅತ್ತೆ’ ಅಂದೆ.

ನನಗೆ ನೂರೊಂದು ಬೇಡ. ಮಾರ್ಗದರ್ಶನವೂ ಬೇಡ. ಆ ಎರಡು ಚೇಂಬರಿನವರು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಲಿ, ಬೇಕಿದ್ದರೆ ಚೀಟಿಯಲ್ಲೇ ಬರೆದು ಕಳಿಸಲಿ. ತನ್ನ ಕುರ್ಚಿಯನ್ನು ತಪ್ಪಿಸುವ ಹಾಳೆಯನ್ನು ತಾನೇ ಹಿಡಿದು ನಾಲ್ಕು ಸಲ ನಿಮ್ಮ ಬಾಗಿಲಿಗೆ ಬಂದಳಲ್ಲ, ಒಂದು ಸಲವಾದರೂ ಆ ಹೆಂಗಸಿಗೆ ‘ಕುಂತ್ಕಳ್ರಿ’ ಅಂದಿರಾ?